ಗಾಳಿಬಂದೂಕಿನ ಕಂಡರಣೆ

ಗಾಳಿಬಂದೂಕು ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು ಜಾತ್ರೆಯ ಬಲೂನಿನ ಅಂಗಡಿ. ಹಲಗೆಯ ಮೇಲೆ ಸಾಲುಸಾಲಾಗಿ ಕಟ್ಟಿದ ಬಣ್ಣದ ಬಲೂನುಗಳು, ನಡುವಿನಲ್ಲಿ ಮಡಿಸಿ ಗುಂಡು ತುಂಬುವ ಒಂದು ಹಳೆಯ ಬಂದೂಕು, ಗುರಿ ತಪ್ಪಿದೊಡನೆ ಕೇಕೆ ಹಾಕುವ ಹುಡುಗರು: ಇಷ್ಟೇ ಅದರ ಪ್ರಪಂಚವೆಂದು ತಿಳಿದಿರುತ್ತೇವೆ. ಆಟಿಕೆಗಿಂತ ಮೇಲು, ಆಯುಧಕ್ಕಿಂತ ಕೀಳು ಎನ್ನಬಹುದಾದ ಈ ವಸ್ತುವಿಗೆ ಒಂದಾನೊಂದು ಕಾಲದಲ್ಲಿ ಯುರೋಪಿನ ಅರಸುಮಕ್ಕಳು ಹೊನ್ನು ಸುರಿಯುತ್ತಿದ್ದರು, ಅದರ ಲೋಹದ ಮೈಮೇಲೆ ಸಾರಂಗ, ಬೇಟೆನಾಯಿ, ಲತೆ, ವನದೇವತೆಗಳನ್ನು ಕೊರೆಯಿಸಿ ಅರಮನೆಯ ಗೋಡೆಗೆ ಏರಿಸುತ್ತಿದ್ದರು ಎಂದರೆ ಒಮ್ಮೆಗೇ ನಂಬುವುದು ಕಷ್ಟ.

ಅಂಥ ಬಂದೂಕುಗಳನ್ನು ಹುಡುಕಿ ಹುಡುಕಿ ಕೂಡಿಡುವವರು ಯುರೋಪು ಅಮೆರಿಕಗಳಲ್ಲಿ ಇಂದಿಗೂ ಇದ್ದಾರೆ. ಅಂಚೆಚೀಟಿ, ನಾಣ್ಯಗಳ ಸಂಗ್ರಹ ನಮಗೆ ಪರಿಚಿತವಾದುದೇ; ಇದು ಅದರ ದಾಯಾದಿ, ಕೊಂಚ ದುಬಾರಿ ದಾಯಾದಿ. ಆದರೆ ಅಂಚೆಚೀಟಿಯ ಸಂಗ್ರಾಹಕನಿಗೆ ಇಲ್ಲದ ಒಂದು ಧರ್ಮಸಂಕಟ ಈ ಹವ್ಯಾಸದಲ್ಲಿದೆ. ಮಾಸಿದುದನ್ನು ಹೊಳೆಯಿಸಬೇಕೆ? ಕೆಟ್ಟು ನಿಂತುದನ್ನು ರಿಪೇರಿ ಮಾಡಿ ನಡೆಯಿಸಬೇಕೆ? ನೋಡುವುದಕ್ಕೆ ಬಲು ಸಾಮಾನ್ಯವಾದ ಪ್ರಶ್ನೆಗಳು. ಇವಕ್ಕೆ ಅವಸರದಲ್ಲಿ ಉತ್ತರ ಕೊಟ್ಟವರಿಂದ ಹಾಳಾದ ಬಂದೂಕುಗಳೆಷ್ಟೋ.

ಮದ್ದಿನ ಬದಲು ಗಾಳಿಯನ್ನೇ ಒತ್ತಿ ಹಿಡಿದು, ಥಟ್ಟನೆ ಬಿಟ್ಟು ಗುಂಡನ್ನು ದೂಡುವ ಉಪಾಯ ಹಳೆಯದು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿರುವ ರಾಜಾಯುಧ ಸಂಗ್ರಹಾಲಯದಲ್ಲಿ ಸುಮಾರು 1580ರ ಕಾಲದ್ದೆಂದು ಎಣಿಸಲಾದ ಒಂದು ಗಾಳಿಬಂದೂಕು ಇದೆ. 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಗಾಗಿ ಲಿಸಿಯೂ ಎಂಬ ಊರಿನ ಮಾರಾಂ ಬೂರ್ಜ್ವಾ ಇಂಥದೊಂದನ್ನು ಮಾಡಿದ. ಈತ ಬಂದೂಕುಗಾರನಷ್ಟೇ ಅಲ್ಲ, ಚಿತ್ರಕಾರನೂ ಹೌದು. ಯಂತ್ರವೂ ಅಲಂಕಾರವೂ ಒಂದೇ ತಲೆಯಿಂದ ಹೊರಟ ಆ ಕಾಲವೇ ಬೇರೆ.

ಅರಸರಿಗೆ ಇದರ ಮೇಲೆ ಮೋಹವೇಕೆ ಹುಟ್ಟಿತು ಎಂಬುದು ಕಠಿಣವಾದ ಒಗಟೇನೂ ಅಲ್ಲ. ಅಂದಿನ ಮದ್ದಿನ ಬಂದೂಕು ಮಳೆ ಹನಿದರೆ ಮೌನವ್ರತ ಹಿಡಿಯುತ್ತಿತ್ತು. ಹೊತ್ತಿದರೆ ಹೊಗೆಯ ಮೋಡವೆಬ್ಬಿಸಿ ಬೇಟೆಗಾರನ ಕಣ್ಣಿಗೇ ಪರದೆ ಕಟ್ಟುತ್ತಿತ್ತು. ಗಾಳಿಬಂದೂಕಿಗೆ ಹೊಗೆಯಿಲ್ಲ, ಕಿಡಿಯಿಲ್ಲ, ಸದ್ದೂ ಬಹಳ ಕಡಮೆ. ಇಷ್ಟು ಗುಣವಿದ್ದರೂ ಅದು ಮನೆಮನೆಯ ವಸ್ತುವಾಗಲಿಲ್ಲವೆಂದರೆ ಕಾರಣ ಅದರ ಕವಾಟ. ಸೈಕಲ್ಲಿನ ಟ್ಯೂಬಿನ ಗಾಳಿಯನ್ನೇ ನಾವು ಒಂದು ವಾರ ನಿಲ್ಲಿಸಿಕೊಳ್ಳಲಾರೆವು. ರಬ್ಬರು ಇಲ್ಲದ ಕಾಲದಲ್ಲಿ, ಕೊಂಬು ಚರ್ಮಗಳ ಕವಾಟವನ್ನು ಕಬ್ಬಿಣದ ಬಾಯಿಗೆ ಕೂದಲೆಳೆಯೂ ಬಿಡದಂತೆ ಕೂರಿಸಬೇಕಾದರೆ ಗಡಿಯಾರ ಮಾಡುವವನ ನಯ ಬೇಕಾಗುತ್ತಿತ್ತು. ಆದುದರಿಂದಲೇ ಬೆಲೆ ವಿಪರೀತ. ಅಷ್ಟು ಬೆಲೆ ತೆತ್ತು ಮಾಡಿಸುವವನು ಅದರ ಮೈಯನ್ನು ಬೋಳಾಗಿ ಬಿಡುತ್ತಾನೆಯೇ? ಮದುಮಗಳಿಗೆ ಒಡವೆ ಇಟ್ಟಂತೆ ಲಾಕಿನ ತಗಡು, ಕುದುರೆಯ ಕಾವಲುಬಳೆ, ಹಿಡಿಯ ತುದಿ ಇವುಗಳಿಗೆಲ್ಲ ಕೆತ್ತನೆ ಬಂತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಕೋಲ್ಬೆ ಎಂಬ ಜರ್ಮನ್ ಕುಶಲಿ 1730ರ ದಶಕದ ಸುಮಾರಿಗೆ ಲಂಡನ್ನಿನಲ್ಲೇ ಕುಳಿತು ಮಾಡಿದ ಬೆಳ್ಳಿಯ ಕೆಲಸದ ಗಾಳಿಬಂದೂಕು ಇದೆ. ಒಂದು ತಮಾಷೆಯೆಂದರೆ, ಇಂಥ ಬಂದೂಕುಗಳು ಎಷ್ಟೋ ಸಲ ಮೇಲುನೋಟಕ್ಕೆ ಚಕಮಕಿ ಕಲ್ಲಿನ ಬಂದೂಕುಗಳಂತೆಯೇ ಇರುತ್ತವೆ. ಕಿಡಿ ಬೇಡದ ಯಂತ್ರಕ್ಕೂ ಕಿಡಿಯ ಬಂದೂಕಿನ ವೇಷ. ರೂಢಿಯ ಬಲ ಅಷ್ಟು.

ಗಾಳಿಯನ್ನು ಎಲ್ಲಿ ಕೂಡಿಡಬೇಕು ಎಂಬುದರ ಮೇಲೆ ಇವುಗಳಲ್ಲಿ ಜಾತಿಗಳು. ಕೆಲವದರಲ್ಲಿ ಹಿಡಿಯ ಭಾಗವೇ ಪೊಳ್ಳಾದ ಕಬ್ಬಿಣದ ಪಾತ್ರೆ. ಕೆಲವದರಲ್ಲಿ ಲಾಕಿನ ಕೆಳಗೆ ತೆಂಗಿನಕಾಯಿಯಂತೆ ತೂಗುವ ಲೋಹದ ಗುಂಡು. 18ನೆಯ ಶತಮಾನದ ಲಂಡನ್ನಿನ ಎಡ್ವರ್ಡ್ ಬೇಟ್ ಮೊದಲಾದವರು ಮಾಡಿದವು ಈ ಬಗೆಯವು. ಇನ್ನು ಕೆಲವದರ ಹಿಡಿಯೊಳಗೆ ಕಮ್ಮಾರನ ತಿದಿಯನ್ನೇ ಪುಟ್ಟದು ಮಾಡಿ ಅಡಗಿಸಿದಂತಿರುತ್ತದೆ: ಬಲವಾದ ಸ್ಪ್ರಿಂಗು ಆ ತಿದಿಯನ್ನು ಒಮ್ಮೆಗೇ ಅದುಮಿ ಸಣ್ಣ ಬಾಣವೊಂದನ್ನು ಹಾರಿಸುತ್ತದೆ. ಜರ್ಮನ್ ನಾಡುಗಳಲ್ಲಿ ದೊಡ್ಡ ಮನೆಯವರು ಮಳೆಗಾಲದ ಸಂಜೆ ಹಜಾರದೊಳಗೇ ಗುರಿಯಾಟ ಆಡುತ್ತಿದ್ದುದು ಇಂಥವುಗಳಿಂದ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಊರುಗೋಲಿನ ವೇಷದ ಗಾಳಿಬಂದೂಕುಗಳೂ ಬಂದವು. ಸಾಹೇಬರು ಕೈಯಲ್ಲಿ ಬೆತ್ತ ಹಿಡಿದು ವಾಯುಸೇವನೆಗೆ ಹೊರಟಂತೆ ಕಾಣುವುದು. ಬೆತ್ತದೊಳಗೆ ವಾಯುವೇ ಸೇವೆಗೆ ಸಿದ್ಧ!

ಸದ್ದಿಲ್ಲದೆ ಕೊಲ್ಲುವ ಈ ಯಂತ್ರದ ಭಯ ಜನಮನದಲ್ಲಿ ಬಹುಕಾಲ ಇತ್ತೆಂಬುದಕ್ಕೆ ಕಾನನ್ ಡಾಯ್ಲ್ 1903ರಲ್ಲಿ ಬರೆದ, ಷೆರ್ಲಾಕ್ ಹೋಮ್ಸ್ ಮರಳಿ ಬರುವ ಖಾಲಿ ಮನೆಯ ಕಥೆಯೇ ಸಾಕ್ಷಿ. ಕುರುಡ ಜರ್ಮನ್ ಯಂತ್ರಕುಶಲಿಯೊಬ್ಬ ಮಾಡಿಕೊಟ್ಟ ಗಾಳಿಬಂದೂಕಿನಿಂದ ಹೋಮ್ಸನನ್ನು ಕೊಲ್ಲಲು ಹೊಂಚುವ ಕರ್ನಲ್ ಮೋರನ್ ಯಾವ ಪಡೆಯವನೆಂದು ವಾಚಕರು ಬಲ್ಲರೇ? ಒಂದನೆಯ ಬೆಂಗಳೂರು ಪಯೊನಿಯರ್ಸ್ ಪಡೆಯವನು. ಪಡೆ ಕಲ್ಪಿತ, ಕರ್ನಲ್ಲನೂ ಕಲ್ಪಿತ. ಆದರೂ ಗಾಳಿಬಂದೂಕಿನ ಅತಿ ಪ್ರಸಿದ್ಧ ಖಳನಾಯಕ ನಮ್ಮ ಊರಿನ ಹೆಸರು ಹೊತ್ತು ಲಂಡನ್ನಿನಲ್ಲಿ ಸಿಕ್ಕಿಬಿದ್ದನೆಂಬುದು ಸುಳ್ಳಲ್ಲ.

ಇರಲಿ, ಕೆತ್ತನೆಯ ಮಾತಿಗೆ ಬರೋಣ. ನಮ್ಮ ಹಳೆಯ ಶಾಸನಗಳ ಭಾಷೆಯಲ್ಲಿ ಇದಕ್ಕೆ ಸೊಗಸಾದ ಮಾತೊಂದಿದೆ: ಕಂಡರಿಸುವುದು. ಲೋಹ ಕಂಡರಿಸುವವನ ಮುಖ್ಯ ಉಪಕರಣ ಒಂದು ಸಣ್ಣ ಚಾಣ. ಅಂಗೈಗೆ ಅದರ ಹಿಡಿಯನ್ನು ಒತ್ತಿ ಕೈಬಲದಿಂದಲೇ ಮುಂದಕ್ಕೆ ನೂಕಿದರೆ ಲೋಹದ ಸಣ್ಣ ಸುರುಳಿಯೊಂದು ಎದ್ದು ಹಿಂದೆ ಗೆರೆ ಉಳಿಯುತ್ತದೆ. ಕೈಯ ಒತ್ತಡ ಏರಿದಲ್ಲಿ ಗೆರೆ ದಪ್ಪ, ಇಳಿದಲ್ಲಿ ಸಣ್ಣ. ಸಾರಂಗದ ಬೆನ್ನಿನ ಒಂದು ಬಾಗು ಒಂದೇ ಉಸಿರಿನ ಕೆಲಸ. ಜಾರಿದರೆ ಅಳಿಸಲು ರಬ್ಬರಿಲ್ಲ. ಗಡುಸು ಲೋಹವಾದರೆ ಚಾಣದ ಹಿಂದೆ ಪುಟ್ಟ ಸುತ್ತಿಗೆ ಬಡಿಯುತ್ತ ಹೋಗಬೇಕು. ಆಗ ಗೆರೆಯೊಳಗೆ ಸಣ್ಣ ಸಣ್ಣ ಮೆಟ್ಟಿಲುಗಳಂಥ ಗುರುತು ಉಳಿಯುತ್ತದೆ, ಭೂತಗನ್ನಡಿಗೆ ಕಾಣುತ್ತದೆ.

ಮಾದರಿಗಳೆಲ್ಲ ಕೆಲಸಗಾರನ ತಲೆಯಿಂದಲೇ ಬಂದುವೆಂದಲ್ಲ. 17ನೆಯ ಶತಮಾನದಿಂದ ಪ್ಯಾರಿಸ್ಸಿನಲ್ಲಿ ಬಂದೂಕಿನ ಅಲಂಕಾರಕ್ಕಾಗಿಯೇ ಚಿತ್ರಪುಸ್ತಕಗಳು ಅಚ್ಚಾಗುತ್ತಿದ್ದುವು. ಸಿಮೊನಾಂ ಮತ್ತು ಲಾಕೊಲೋಂಬ್ ಎಂಬವರ ಮಾದರಿಗಳನ್ನು ನೋಡಿ ದೂರದೂರದ ಊರುಗಳಲ್ಲಿ ಕಂಡರಿಸುತ್ತಿದ್ದರು. ತಾನು ಕೊರೆದುದು ಚೆನ್ನಾಗಿ ಬಂತೆನಿಸಿದರೆ ಕೆಲಸಗಾರನು ಗೆರೆಗಳಿಗೆ ಮಸಿ ತುಂಬಿ, ಮೇಲೆ ಒದ್ದೆ ಕಾಗದವೊತ್ತಿ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳುವುದೂ ಉಂಟು. ಬಂದೂಕು ಅರಮನೆಗೆ ಹೋಯಿತು, ಕಾಗದ ಅಂಗಡಿಯಲ್ಲಿ ಉಳಿಯಿತು. ಆಯುಧದ ಅಲಂಕಾರಕ್ಕೂ ಅಚ್ಚಿನ ಚಿತ್ರಕ್ಕೂ ಇರುವ ನಂಟು ಇನ್ನೂ ಹಳೆಯದು. ಸುಮಾರು 1500ರಲ್ಲಿ ಆಕ್ಸ್‌ಬರ್ಗಿನ ಡೇನಿಯಲ್ ಹಾಫರ್ ಎಂಬಾತ ಕವಚಗಳ ಮೇಲೆ ಆಮ್ಲದಿಂದ ಚಿತ್ರ ತಿನ್ನಿಸುವ ತನ್ನ ಕಸುಬನ್ನೇ ತಗಡಿಗೆ ತಂದು ಕಾಗದದ ಮೇಲೆ ಅಚ್ಚು ತೆಗೆದ. ಸಚಿತ್ರ ವಾರಪತ್ರಿಕೆಯನ್ನು ಕೈಯಲ್ಲಿ ಹಿಡಿದವರು ಒಂದು ಕ್ಷಣ ಯೋಚಿಸಬೇಕಾದ ಮಾತು: ಈ ಪುಟದ ಚಿತ್ರದ ಮುತ್ತಜ್ಜಂದಿರಲ್ಲಿ ಯೋಧನ ಎದೆಗವಚವೂ ಒಂದು.

ಶಾಸನ ಕಂಡರಿಸಿದವನು ಕೊನೆಯ ಸಾಲಿನಲ್ಲಿ ತನ್ನ ಹೆಸರನ್ನೂ ಸೇರಿಸುವುದು ನಮ್ಮಲ್ಲಿ ಉಂಟಷ್ಟೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಹೆಸರಿಟ್ಟಿದ್ದಾರೆ; ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಈ ಬಂದೂಕುಗಳಲ್ಲಿ ಹಾಗಲ್ಲ. ಲಾಕಿನ ಮೇಲೆ ಮೆರೆಯುವ ಹೆಸರು ಅಂಗಡಿಯ ಯಜಮಾನನದು. ಕಂಡರಿಸಿದವನ ಹೆಸರು ಬಹುಪಾಲು ಎಲ್ಲಿಯೂ ಇಲ್ಲ. ಅವನು ಬದುಕಿದ್ದನೆಂಬುದಕ್ಕೆ ಅವನ ಗೆರೆಯೊಂದೇ ಆಧಾರ. ಒಬ್ಬನು ಬಳ್ಳಿಯ ಸುರುಳಿಯನ್ನು ಸದಾ ಬಲಕ್ಕೆ ಮುಗಿಸುತ್ತಾನೆ. ಇನ್ನೊಬ್ಬನ ನಾಯಿಗಳಿಗೆಲ್ಲ ಒಂದೇ ಬಗೆಯ ಕಿವಿ. ಹಳಬ ಸಂಗ್ರಾಹಕರು ಇಂಥ ಚಾಳಿಗಳಿಂದಲೇ ಎರಡು ಬಂದೂಕುಗಳು ಒಂದೇ ಕೈಯವೆಂದು ಗುರುತಿಸುತ್ತಾರೆ.

ಈಗ ಹೊಳಪಿನ ಪ್ರಶ್ನೆಗೆ ಬರೋಣ. ನಮ್ಮ ಮನೆಗಳಲ್ಲಿ ಅಜ್ಜಿಯ ಕಾಲದ ಹಿತ್ತಾಳೆ ಕೊಳದಪ್ಪಲೆಯೋ ತಂಬಿಗೆಯೋ ಇದ್ದರೆ ಅದರ ಕಂಠದಲ್ಲಿ ಕೊರೆಯಿಸಿದ ಹೆಸರನ್ನು ಓದಿ ನೋಡಿ. ಬಹುಶಃ ಅರ್ಧ ಅಕ್ಷರಗಳು ಮಾಯವಾಗಿರುತ್ತವೆ. ಕದ್ದವರಾರೂ ಇಲ್ಲ; ಐವತ್ತು ವರ್ಷ ಹಬ್ಬಹಬ್ಬಕ್ಕೂ ಹುಣಸೆಹಣ್ಣು ಹಾಕಿ ತಿಕ್ಕಿದ ಶ್ರದ್ಧೆಯೇ ಅವನ್ನು ಒಯ್ದಿದೆ. ತಂಬಿಗೆಗೆ ಅದು ಧರ್ಮವೇ ಸರಿ, ಅದರಲ್ಲಿ ನೀರು ಕುಡಿಯಬೇಕು. ಬಂದೂಕಿನ ಮೇಲೆ ಇದೇ ಶ್ರದ್ಧೆ ತೋರಿದರೆ ಏನಾಗುತ್ತದೆ? ಕೆತ್ತನೆಯಲ್ಲಿ ಆಕಾರದ ಗೆರೆಗಳು ಆಳ, ನೆರಳಿನ ಗೆರೆಗಳು ಅತಿ ಸೂಕ್ಷ್ಮ. ಅರಗಾಗದ ತಿಕ್ಕಿದರೆ ಮೊದಲು ಹೋಗುವುದು ಆ ನೆರಳು. ಸಾರಂಗ ಉಳಿಯುತ್ತದೆ, ಅದರ ರೋಮ ಹೋಗುತ್ತದೆ. ಎರಡನೆಯ ಸಲ ತಿಕ್ಕಿದರೆ ನಾಯಿಯ ಕಣ್ಣು ಹೋಗುತ್ತದೆ. ಮೂರನೆಯ ಸಲಕ್ಕೆ, ಮಂಜಿನಲ್ಲಿ ನಿಂತ ಏನೋ ನಾಲ್ಕು ಕಾಲಿನ ಪ್ರಾಣಿ ಎನ್ನಬೇಕು. ಎರಡು ಶತಮಾನ ಕಾಯ್ದ ಕೈಬರಹವನ್ನು ಒಂದು ಭಾನುವಾರದ ಮಧ್ಯಾಹ್ನ ಅಳಿಸಬಹುದು. ಬಂದೂಕು ಮಾತ್ರ ಕನ್ನಡಿಯಂತೆ ಥಳಥಳಿಸುತ್ತದೆ, ಒಡೆಯನಿಗೆ ಪರಮಾನಂದ!

ತಿಳಿದವರು ಮಾಡುವುದು ಬಲು ಕಡಮೆ. ಮೃದುವಾದ ಬಟ್ಟೆ, ಹಗುರವಾದ ಎಣ್ಣೆ, ಮೇಲೊಂದು ತೆಳು ಮೇಣದ ಲೇಪ. ಬರಿಗೈಯ ಬೆವರಿನ ಉಪ್ಪು ಉಕ್ಕನ್ನು ತಿನ್ನುವುದರಿಂದ ಹತ್ತಿಯ ಕೈಗವಸು. ಚರ್ಮದ ಒರೆ ನೋಡಲು ಚೆಂದವಾದರೂ ತೇವ ಹಿಡಿದು ತುಕ್ಕು ತರುವುದರಿಂದ ಅದರಲ್ಲಿ ಬಂದೂಕನ್ನು ಇಡುವುದಿಲ್ಲ. ಕಂದಿದ ಬಣ್ಣ ಕಂದಿಯೇ ಇರಲಿ ಎಂಬುದು ಅವರ ಮತ.

ತಿಕ್ಕುವವನು ಪ್ರೀತಿಯಿಂದ ಕೆಡಿಸುತ್ತಾನೆ. ಲಾಭಕ್ಕಾಗಿ ಕೆಡಿಸುವವನು ಬೇರೆ ಇದ್ದಾನೆ. ಕೆತ್ತನೆಯ ಬಂದೂಕಿಗೆ ಬೋಳು ಬಂದೂಕಿಗಿಂತ ಬೆಲೆ ಹೆಚ್ಚು. ಆದುದರಿಂದ ನಿಜವಾಗಿಯೂ ಹಳೆಯದಾದ ಬೋಳು ಬಂದೂಕನ್ನು ಕೊಂಡು, ಮೊನ್ನೆ ಮೊನ್ನೆ ಬಳ್ಳಿ ಕೊರೆಯಿಸಿ ಮಾರುವ ಚತುರರೂ ಉಂಟು. ಇವರನ್ನು ಹಿಡಿಯುವುದೇ ಸಂಗ್ರಾಹಕನ ನಿಜವಾದ ವಿದ್ಯೆ. ಹಳೆಯ ಕಾಲದಲ್ಲಿ ಮೆತ್ತನೆಯ ಕಬ್ಬಿಣದ ಮೇಲೆ ಮೊದಲು ಕಂಡರಿಸಿ, ಆಮೇಲೆ ಮೂಳೆ ಚರ್ಮಗಳ ಇದ್ದಿಲಿನ ಜೊತೆ ಪೆಟ್ಟಿಗೆಯಲ್ಲಿಟ್ಟು ಕಾಯಿಸಿ ಮೇಲ್ಮೈಯನ್ನು ಗಡುಸು ಮಾಡುತ್ತಿದ್ದರು. ಹಾಗೆ ಗಡುಸಾದ ಮೇಲೆ ಚಾಣ ಅದರ ಮೇಲೆ ಜಾರುತ್ತದೆ. ಈಗ ಕೊರೆಯಬೇಕಾದರೆ ಮತ್ತೆ ಕಾಯಿಸಿ ಮೆತ್ತಗೆ ಮಾಡಬೇಕು. ಮಾಡಿದರೆ ಹಳೆಯ ಬಣ್ಣ ಹೋಗುತ್ತದೆ. ಮೋಸಗಾರ ಸಿಕ್ಕುವುದು ಅಲ್ಲಿಯೇ. ತಿರುಪುಗಳನ್ನೂ ನೋಡಬೇಕು. ಒಳ್ಳೆಯ ಕೆಲಸದಲ್ಲಿ ಬಳ್ಳಿ ತಿರುಪಿನ ತಲೆಯ ಮೇಲೂ ಹರಿದು ಆಚೆ ಹೋಗುತ್ತದೆ, ತಿರುಪು ಪೂರ್ತಿ ಬಿಗಿದಾಗ ಗೆರೆಗೆ ಗೆರೆ ಕೂಡುತ್ತದೆ. ಕೂಡದಿದ್ದರೆ ತಿರುಪು ಬದಲಾಗಿದೆ. ಇನ್ನು ಸವಕಳಿ: ಕೈ ಹಿಡಿಯುವ ಎಡೆಯಲ್ಲಿ ಕೆತ್ತನೆ ಸವೆದಿರಬೇಕು, ಕೈ ತಾಗದ ಸಂದಿನಲ್ಲಿ ಹರಿತವಾಗಿರಬೇಕು. ಎಲ್ಲೆಡೆಯೂ ಒಂದೇ ಸಮನೆ ಸವೆದಿದ್ದರೆ, ಮುದುಕನ ವೇಷ ಹಾಕಿದ ನಟನ ಮುಖದಂತೆ, ಸುಕ್ಕುಗಳು ತಪ್ಪು ಜಾಗದಲ್ಲಿವೆ ಎಂದು ತಿಳಿಯಬೇಕು.

ನಡೆಯಿಸುವ ಪ್ರಶ್ನೆ ಇದಕ್ಕಿಂತ ಅಪಾಯಕರ. ಇಷ್ಟು ಹಣ ಕೊಟ್ಟು ತಂದಮೇಲೆ ಒಂದು ಸಲ ಗಾಳಿ ತುಂಬಿ ಹಾರಿಸಿ ನೋಡೋಣವೆಂಬ ಆಸೆ ಯಾರಿಗೆ ಬಾರದು? ಈ ಆಸೆಗೆ ಮಾತ್ರ ಎಳ್ಳಷ್ಟೂ ಎಡೆಗೊಡಬಾರದು. ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರಿನ ಒಳಗೆ ಹೊರಗಿನ ಗಾಳಿಗಿಂತ ಹೆಚ್ಚಾಗಿ ಇರುವ ಒತ್ತಡ ಚದರ ಅಂಗುಲಕ್ಕೆ ಸುಮಾರು 15 ಪೌಂಡು. ಅದು ಸೀಟಿ ಹಾಕಿದರೇ ಮಕ್ಕಳನ್ನು ದೂರ ಸರಿಸುತ್ತೇವೆ. ಆಸ್ಟ್ರಿಯದ ಸೈನ್ಯದ ಗಾಳಿಬಂದೂಕಿನ ಪಾತ್ರೆಯಲ್ಲಿ ಈ ಒತ್ತಡ ಸುಮಾರು 800 ಪೌಂಡು ಇರುತ್ತಿತ್ತು. ಅದೂ ಹೊಸದಾಗಿದ್ದಾಗ. ಗಾಳಿಯನ್ನು ಒತ್ತಿದಾಗ ಅದರ ತೇವ ಒಳಗೆ ನೀರಾಗಿ ಇಳಿಯುತ್ತದೆ. ಆ ನೀರು ಇನ್ನೂರು ವರ್ಷ ಕಬ್ಬಿಣವನ್ನು ಒಳಗಿನಿಂದಲೇ ತಿಂದಿರುತ್ತದೆ. ಹೊರಗೆ ಚೊಕ್ಕವಾದ ಮೈ, ಒಳಗೆ ಗೆದ್ದಲು ಹತ್ತಿದ ತೊಲೆ. ಇಂಥ ಪಾತ್ರೆ ಒಡೆದರೆ ಅದು ಹಿಡಿದವನ ಕೆನ್ನೆಯ ಪಕ್ಕದಲ್ಲೇ ಒಡೆಯುತ್ತದೆ. ಹಾರಿಸಿಯೇ ತೀರಬೇಕೆನ್ನುವವರು ಹೊಸ ಉಕ್ಕಿನಲ್ಲಿ ಪ್ರತಿಕೃತಿ ಮಾಡಿಸಿಕೊಳ್ಳುವುದು ಉತ್ತಮ. ಹಾಗೆ ಮಾಡಿಸಿಕೊಂಡವರೂ ಇದ್ದಾರೆ.

ಆಸ್ಟ್ರಿಯದ ಆ ಬಂದೂಕಿನ ಕಥೆ ಹೇಳದಿದ್ದರೆ ಈ ವಿಷಯ ಅರ್ಧವಾಗುತ್ತದೆ. ಅದರ ಮೇಲೆ ಅರಸರ ಕೆತ್ತನೆಯಿಲ್ಲ, ಸಿಪಾಯಿಯ ಆಯುಧ. ಆದರೂ ಸಂಗ್ರಾಹಕರ ಲೋಕದಲ್ಲಿ ಇದರಷ್ಟು ಹೆಸರುವಾಸಿಯಾದುದು ಮತ್ತೊಂದಿಲ್ಲ. ಬಾರ್ತೊಲೊಮೆಯೊ ಗಿರಾಂದೋನಿ ರೂಪಿಸಿದ ಈ ಬಂದೂಕನ್ನು 1780ರ ಸುಮಾರಿಗೆ ಆಸ್ಟ್ರಿಯದ ಸೈನ್ಯ ಕೈಗೆತ್ತಿಕೊಂಡಿತು. ನಳಿಗೆಯ ಪಕ್ಕದ ಕೊಳವೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಗುಂಡುಗಳನ್ನು ಒಮ್ಮೆಗೇ ತುಂಬಿ ಒಂದಾದ ಮೇಲೊಂದು ಹಾರಿಸಬಹುದಾಗಿತ್ತು. ಉಳಿದ ಸೈನಿಕರು ಒಂದೊಂದು ಗುಂಡಿಗೂ ಮದ್ದು ಜಡಿಯುತ್ತಿದ್ದ ಕಾಲದಲ್ಲಿ ಇದೊಂದು ಪವಾಡವೇ. ಪವಾಡದ ಬೆಲೆಯೂ ಇತ್ತು: ಒಂದು ಪಾತ್ರೆ ತುಂಬಲು ಸುಮಾರು 1,500 ಸಲ ಪಂಪು ಒತ್ತಬೇಕು. ಸೂಕ್ಷ್ಮವಾದ ಯಂತ್ರ, ರಿಪೇರಿ ಬಲ್ಲವರು ವಿರಳ. 1815ರ ಹೊತ್ತಿಗೆ ಸೈನ್ಯ ಅದನ್ನು ಕೈಬಿಟ್ಟಿತು.

ಅಮೆರಿಕದ ಪಶ್ಚಿಮವನ್ನು ಅರಿಯಲು ಲೂಯಿಸ್ ಮತ್ತು ಕ್ಲಾರ್ಕ್ 1803ರಿಂದ 1806ರವರೆಗೆ ಕೈಗೊಂಡ ಯಾತ್ರೆಯಲ್ಲಿ ಒಂದು ಗಾಳಿಬಂದೂಕು ಇತ್ತು. ಹೊರಟ ದಿನವೇ, 1803ರ ಆಗಸ್ಟ್ 30ರಂದು, ಪಿಟ್ಸ್‌ಬರ್ಗಿನ ಬಳಿಯ ದ್ವೀಪವೊಂದರಲ್ಲಿ ಲೂಯಿಸ್ ಅದನ್ನು ಏಳು ಸಲ ಹಾರಿಸಿ ತೋರಿಸಿದ. ಆಮೇಲೆ ಅದನ್ನು ಕೈಗೆ ತೆಗೆದುಕೊಂಡ ಒಬ್ಬ ಗೃಹಸ್ಥನಿಗೆ ಅದರ ಪರಿಚಯವಿರಲಿಲ್ಲ. ಗುಂಡು ತಾನಾಗಿ ಹಾರಿ, ನಲವತ್ತು ಗಜ ದೂರದಲ್ಲಿದ್ದ ಹೆಂಗಸಿನ ಟೋಪಿಯನ್ನು ತೂರಿ ಕಣತಲೆಯನ್ನು ಸವರಿತು. ಆಕೆ ನೆಲಕ್ಕುರುಳಿದಳು, ಸತ್ತಳೆಂದೇ ಎಲ್ಲರೂ ಎಣಿಸಿದರು. ಸ್ವಲ್ಪ ಹೊತ್ತಿನಲ್ಲಿ ಕಣ್ಣು ತೆರೆದಳು, ಗಾಯ ಅಪಾಯದ್ದಾಗಿರಲಿಲ್ಲ. ಲೂಯಿಸನ ದಿನಚರಿ ಆರಂಭವಾಗುವುದೇ ಈ ಪ್ರಸಂಗದಿಂದ. ಮುಂದೆ ದಾರಿಯುದ್ದಕ್ಕೂ ಮೂಲನಿವಾಸಿಗಳ ಎದುರು ಅವನು ಈ ಬಂದೂಕನ್ನು ಹಾರಿಸಿ ಬೆರಗುಪಡಿಸಿದನಷ್ಟೇ ಅಲ್ಲದೆ ಅದರ ರಿಪೇರಿಗಳನ್ನೂ ಬರೆದಿಟ್ಟ. 1805ರ ಜೂನ್ 10ರಂದು ತಂಡದ ಕಮ್ಮಾರ ಜಾನ್ ಷೀಲ್ಡ್ಸ್ ಅದಕ್ಕೆ ಹೊಸ ಮುಖ್ಯ ಸ್ಪ್ರಿಂಗು ಮಾಡಿಕೊಟ್ಟ.

ಆ ಬಂದೂಕು ಯಾವುದು? ಬಹುಕಾಲ ಅದು ಫಿಲಡೆಲ್ಫಿಯದ ಗಡಿಯಾರದವ ಐಸಯ ಲ್ಯೂಕೆನ್ಸ್ ಮಾಡಿದ, ಒಂದೊಂದೇ ಗುಂಡಿನ ಬಂದೂಕೆಂದು ನಂಬಿದ್ದರು. ಆದರೆ 1803ರ ಸೆಪ್ಟೆಂಬರಿನಲ್ಲಿ ದಾರಿಯಲ್ಲಿ ಲೂಯಿಸನನ್ನು ಕಂಡ ಥಾಮಸ್ ರಾಡ್ನಿ ತನ್ನ ದಿನಚರಿಯಲ್ಲಿ, ಗುಂಡುಗಳನ್ನೆಲ್ಲ ಪಕ್ಕದ ಕೊಳವೆಗೆ ಒಟ್ಟಿಗೇ ತುಂಬುವ, 22 ಸಲ ಹಾರುವ ಬಂದೂಕೆಂದು ಬರೆದಿದ್ದ. ಅದು ಗಿರಾಂದೋನಿಯ ಲಕ್ಷಣ. ರಾಬರ್ಟ್ ಬೀಮನ್ ಎಂಬ ಅಮೆರಿಕದ ಸಂಗ್ರಾಹಕನ ಬಳಿ ಅಂಥದೊಂದು ಇತ್ತು. ಪ್ರತಿಕೃತಿ ಮಾಡುವುದಕ್ಕೆಂದು ಕುಶಲಕರ್ಮಿಗಳು ಅದನ್ನು ಬಿಚ್ಚಿದಾಗ ಲಾಕಿನೊಳಗೆ ವಿಯೆನ್ನದ ನಯದ ಸ್ಪ್ರಿಂಗು ಇರಲಿಲ್ಲ. ಕುದುರೆಯ ಗೊರಸನ್ನು ಉಜ್ಜುವ ಅರವೊಂದನ್ನು ಬಡಿದು ಮಾಡಿದ ಒರಟು ಸ್ಪ್ರಿಂಗು ಇತ್ತು. ಇದೇ ಲೂಯಿಸನ ಬಂದೂಕು ಎಂದು ವಾದಿಸುವವರಿಗೆ ಬಲವಾದ ಆಧಾರಗಳಲ್ಲಿ ಇದೊಂದು. ಒಪ್ಪದವರೂ ಇದ್ದಾರೆ. ಆದರೆ ಈ ನಡುವಿನ ಇನ್ನೂರು ವರ್ಷಗಳಲ್ಲಿ ಅದರ ಒಡೆಯರಲ್ಲಿ ಯಾರಾದರೊಬ್ಬ ಸಜ್ಜನ, ಪಾಪ, ಒಳಗೆ ಏನೋ ಹಳ್ಳಿಯ ಕೆಲಸ ಸೇರಿಕೊಂಡಿದೆಯೆಂದು ನೊಂದು, ಆ ಅರದ ತುಂಡನ್ನು ಕಿತ್ತೆಸೆದು ಅಚ್ಚುಕಟ್ಟಾದ ಹೊಸ ಸ್ಪ್ರಿಂಗು ಹಾಕಿಸಿದ್ದರೆ ವಾದಕ್ಕೆ ಆಧಾರವೇ ಉಳಿಯುತ್ತಿರಲಿಲ್ಲ.

ಕೆತ್ತನೆಯ ಗಾಳಿಬಂದೂಕಿನ ಕಾಲ 19ನೆಯ ಶತಮಾನದೊಡನೆ ಮುಗಿಯಿತೆನ್ನಬಹುದು. 1880ರ ದಶಕದಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಗಾಳಿಯಂತ್ರ ಮಾಡುವ ಕಂಪೆನಿಯೊಂದು ಹುಡುಗರಿಗಾಗಿ ಲೋಹದ ಗಾಳಿಬಂದೂಕು ಮಾಡತೊಡಗಿ, ಕೊನೆಗೆ ಅದರ ಹೆಸರಿನಿಂದಲೇ ಡೇಸಿ ಕಂಪೆನಿಯೆನಿಸಿತು. ಇಂಗ್ಲೆಂಡಿನಲ್ಲಿ ಲಿಂಕನ್ ಜೆಫ್ರೀಸ್ ಪಡೆದ 1904ರ ಪೇಟೆಂಟಿನಂತೆ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಾರ್ಖಾನೆ ರಾಶಿರಾಶಿ ಮಾಡಿತು. ಮೂರು ಬಂದೂಕುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಅದರ ಮುದ್ರೆಯನ್ನು ನಮ್ಮ ಹಿರಿಯರು ಮೋಟಾರು ಸೈಕಲ್ಲುಗಳ ಮೇಲೆ ಕಂಡಿದ್ದಾರೆ. ಈ ಬಂದೂಕುಗಳಿಗೂ ಸಂಗ್ರಾಹಕರಿದ್ದಾರೆ, ಇವು ಚೆನ್ನಾಗಿ ಗುರಿ ಮುಟ್ಟುತ್ತವೆ, ಹುಡುಗರ ಜೇಬಿಗೂ ಎಟುಕಿದುವು. ಅದನ್ನು ಹೀಗಳೆಯುವಂತಿಲ್ಲ. ಆದರೆ ಇವುಗಳ ಮೇಲಿನ ಗುರುತು ಯಂತ್ರ ಒತ್ತಿದ ಗುರುತು. ಹತ್ತು ಬಂದೂಕು ಸಾಲಾಗಿ ಇಟ್ಟರೆ ಹತ್ತರ ಮೇಲೂ ಒಂದೇ. ಎರಡು ನಾಯಿಗಳ ಕಿವಿಯನ್ನು ಹೋಲಿಸುತ್ತ ಭೂತಗನ್ನಡಿ ಹಿಡಿದು ಕೂರುವವನಿಗೆ ಇಲ್ಲಿ ಕೆಲಸವಿಲ್ಲ.